ವಿಶ್ವವಿದ್ಯಾಲಯದ ದ್ವಾರಗಳು: ಹಳಿಯಾಳ-ಸೂಪಾ ಸೀಮೆಯ ವಿದ್ಯಾರ್ಥಿಗಳು ನಡೆದ ಹಾದಿ

॥ ಓಂ ಶ್ರೀ ಗುರುಬಸವಲಿಂಗಾಯ ನಮಃ ॥

ಪ್ರಸ್ತಾವನೆ

ಉತ್ತರಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗದಲ್ಲಿ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳಿರುವವು. ಇವುಗಳ ಮೂಡಣಕ್ಕೆ ಧಾರವಾಡದ ಬಯಲುಸೀಮೆ. ಪಡುವಣಕ್ಕೆ ಸಹ್ಯಾದ್ರಿಯ ದಟ್ಟಡವಿ. ಜೊಯಿಡಾ ತಾಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿದ್ದಿತು. ದಾಂಡೇಲಿಯು ಬಹುಕಾಲ ಹಳಿಯಾಳ ತಾಲೂಕಿನಲ್ಲಿಯೇ ಅಡಗಿದ್ದಿತು. ಈ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಬಾಲಕನು ವಿಶ್ವವಿದ್ಯಾಲಯದ ಮೆಟ್ಟಲನ್ನು ಏರಬೇಕಾದರೆ ಯಾವ ಯಾವ ಬಾಗಿಲುಗಳನ್ನು ದಾಟಬೇಕಾಗಿದ್ದಿತು, ಪರೀಕ್ಷೆಯೆಂಬ ಮಹಾದ್ವಾರವಲ್ಲದೆ ಅವನಿಗೆ ಬೇರೆ ದಾರಿಗಳು ಇದ್ದವೋ ಇಲ್ಲವೋ, ಆ ದಾರಿಗಳು ಅವನನ್ನು ಎಲ್ಲಿಯ ವರೆಗೆ ಒಯ್ದವು ಎಂಬುದನ್ನು ಅರಿಯುವದು ಶ್ರೀಮಠದ ಭಕ್ತರಿಗೆ ಕೇವಲ ಕುತೂಹಲದ ವಿಷಯವಲ್ಲ. ಇಂದಿಗೂ ಪ್ರತಿವರ್ಷ ಫಲಿತಾಂಶದ ಕಾಲದಲ್ಲಿ ಅನೇಕ ಮನೆಗಳಲ್ಲಿ ತಂದೆತಾಯಿಗಳು ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕುಳಿತಿರುವರು. ಹಿಂದಿನವರ ಅನುಭವವು ಅವರಿಗೆ ದಾರಿದೀಪವಾದೀತು.

1. ಉಳವಿಯ ಪರಂಪರೆ

ಈ ನಾಡು ವಿದ್ಯೆಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯಾದ ತರುವಾಯ ಶರಣರು ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ವಚನದ ಕಟ್ಟುಗಳನ್ನು ಹೊತ್ತು ಪಡುವಣದ ಅಡವಿಯನ್ನು ಹೊಕ್ಕರೆಂದೂ, ಉಳವಿಯಲ್ಲಿ ನೆಲೆನಿಂತು ಅಲ್ಲಿಯೇ ಚೆನ್ನಬಸವಣ್ಣನವರು ಲಿಂಗೈಕ್ಯರಾದರೆಂದೂ ಸಂಪ್ರದಾಯವು ಹೇಳುತ್ತದೆ. ಆ ಉಳವಿಯು ಇದೇ ಜೊಯಿಡಾ ತಾಲೂಕಿನಲ್ಲಿದೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಭಕ್ತರು ಚಕ್ಕಡಿ ಹೂಡಿಕೊಂಡು ಇದೇ ಹಾದಿಯಾಗಿ ಬರುವರು.

ಚೆನ್ನಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಷಟ್‌ಸ್ಥಲಜ್ಞಾನಿಗಳೆಂದು ಹಿರಿಯರಿಂದ ಮನ್ನಣೆ ಪಡೆದವರು. ಅನುಭವಮಂಟಪದಲ್ಲಿ ಕುಲವನ್ನಾಗಲಿ ವಯಸ್ಸನ್ನಾಗಲಿ ಕೇಳಿ ಒಳಗೆ ಬಿಡುವ ಪದ್ಧತಿ ಇರಲಿಲ್ಲ. ಆದರೆ ಪರೀಕ್ಷೆಯೇ ಇರಲಿಲ್ಲವೆಂದು ಭಾವಿಸುವದೂ ತಪ್ಪು. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವರನ್ನು ಎಷ್ಟು ಕಠಿನವಾದ ಪ್ರಶ್ನೆಗಳಿಂದ ಒರೆಗೆ ಹಚ್ಚಿದರೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ಅಲ್ಲಿ ಪರೀಕ್ಷಿಸುವವನೂ ಪರೀಕ್ಷಿತಳೂ ಎದುರೆದುರು ಇದ್ದರು. ಅವಳು ಯಾವ ದಾರಿಯಿಂದ ಬಂದಳು, ಏನನ್ನು ಬಿಟ್ಟು ಬಂದಳು ಎಂಬುದು ಸಭೆಗೆ ಗೊತ್ತಿದ್ದಿತು. ಮುಂದೆ ಏಳು ಶತಮಾನಗಳ ತರುವಾಯ ಬಂದ ಪರೀಕ್ಷೆಯು ಬೇರೆ ತರದ್ದು. ಅದು ಉತ್ತರಪತ್ರಿಕೆಯನ್ನು ಮಾತ್ರ ನೋಡುವದು. ಬರೆದವನ ಮುಖವನ್ನು ನೋಡದು. ಈ ಕುರುಡುತನದಲ್ಲಿ ಒಂದು ದೊಡ್ಡ ನ್ಯಾಯವೂ ಇದೆ, ಒಂದು ದೊಡ್ಡ ಅನ್ಯಾಯವೂ ಇದೆ.

2. ಮ್ಯಾಟ್ರಿಕ್ ಎಂಬ ಮಹಾದ್ವಾರ

ಮುಂಬಯಿ ವಿಶ್ವವಿದ್ಯಾಲಯವು ಸನ್ 1857ರಲ್ಲಿ ಸ್ಥಾಪಿತವಾಯಿತು. ಅದರ ಮೊದಲನೆಯ ಪ್ರವೇಶಪರೀಕ್ಷೆಯು 1859ರಲ್ಲಿ ನಡೆಯಿತು. ಇದಕ್ಕೇ ಮ್ಯಾಟ್ರಿಕ್ಯುಲೇಶನ್ ಎಂದು ಹೆಸರು. ಉತ್ತರಕನ್ನಡವು ಆಗ ಇನ್ನೂ ಮದ್ರಾಸ ಆಧಿಪತ್ಯದಲ್ಲಿದ್ದಿತು. ಸನ್ 1862ರಲ್ಲಿ ಈ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದರಿಂದ ಇಲ್ಲಿಯ ಹುಡುಗರ ಭವಿತವ್ಯವೂ ಮುಂಬಯಿಯ ಪ್ರಶ್ನೆಪತ್ರಿಕೆಗೆ ಕಟ್ಟಿಬಿದ್ದಿತು.

ಮ್ಯಾಟ್ರಿಕ್ ಪರೀಕ್ಷೆಗೆ ಕೂಡ್ರಬೇಕಾದರೆ ಇಂಗ್ಲಿಷು ಶಾಲೆಯ ಇಯತ್ತೆಗಳನ್ನು ಒಂದೊಂದಾಗಿ ಏರಬೇಕಾಗಿದ್ದಿತು. ಆದರೆ ಹಳ್ಳಿಯ ಬಹುಜನರಿಗೆ ಎಟಕುತ್ತಿದ್ದುದು ಕನ್ನಡ ಶಾಲೆ; ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಊರಿನಲ್ಲಿ ಗೌರವವಿದ್ದಿತು. ಕನ್ನಡ ಶಾಲೆಯ ಮಾಸ್ತರಿಕೆ ದೊರೆಯುತ್ತಿದ್ದಿತು. ಕಚೇರಿಯ ಕಾರಕೂನಿಕೆಯೂ ಕೆಲವರಿಗೆ ಲಭಿಸುತ್ತಿದ್ದಿತು. ಆದರೆ ಆ ದಾರಿಯು ಕಾಲೇಜಿಗೆ ಒಯ್ಯುತ್ತಿರಲಿಲ್ಲ. ಮುಲ್ಕಿಯಾದವನು ವಿಶ್ವವಿದ್ಯಾಲಯವನ್ನು ಬಯಸಿದರೆ ಇಂಗ್ಲಿಷನ್ನು ಕೆಳಗಿನಿಂದ ಕಲಿತು ಮೇಲೇರಬೇಕು. ಅಷ್ಟರಲ್ಲಿ ವಯಸ್ಸು ಮೀರುವದು, ಮನೆಯ ನೇಗಿಲು ಕರೆಯುವದು. ಹೀಗೆ ಕನ್ನಡದಲ್ಲಿ ಕಲಿತವನ ವಿದ್ಯೆ ಒಂದು ಗೋಡೆಯ ಮುಂದೆ ನಿಂತುಬಿಡುತ್ತಿದ್ದಿತು. ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ ಕನ್ನಡ ಶಾಲೆಗಳನ್ನಾದರೂ ಹಳ್ಳಿಹಳ್ಳಿಗೆ ತಂದುಕೊಟ್ಟ ಪುಣ್ಯವು ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರದು. ಆ ಶಾಲೆಗಳಿಲ್ಲದಿದ್ದರೆ ಗೋಡೆಯ ವರೆಗಾದರೂ ಯಾರು ಹೋಗುತ್ತಿದ್ದರು?

ಹಳಿಯಾಳದಿಂದ ಧಾರವಾಡಕ್ಕೆ ಸುಮಾರು 20 ಮೈಲು. ದಾಂಡೇಲಿಯಿಂದ ಸುಮಾರು 35 ಮೈಲು. ನಕಾಶೆಯ ಮೇಲೆ ಇದು ಅಲ್ಪ ದೂರ. ಆದರೆ ಚಕ್ಕಡಿಯ ಕಾಲದಲ್ಲಿ, ಮಳೆಗಾಲದಲ್ಲಿ, ಹಳ್ಳಕೊಳ್ಳಗಳು ತುಂಬಿದಾಗ ಸೂಪಾ ಕಡೆಯವರಿಗೆ ಧಾರವಾಡವು ಪರದೇಶವೇ ಆಗಿದ್ದಿತು. ಮೇಲಾಗಿ ಈ ಅಡವಿಯ ತಾಲೂಕುಗಳನ್ನು ಚಳಿಜ್ವರವು ತಲೆಮಾರುಗಳ ಕಾಲ ಕಾಡಿತು. ಊರಿಗೆ ಊರೇ ಹಾಳುಬಿದ್ದ ಉದಾಹರಣೆಗಳಿವೆ. ಸನ್ 1946ರ ಸುಮಾರಿಗೆ ಮುಂಬಯಿ ಸರಕಾರವು ಧಾರವಾಡ ಹಾಗೂ ಉತ್ತರಕನ್ನಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಕೊಂಡ ಮೇಲೆಯೇ ಈ ಪೀಡೆಯು ಇಳಿಮುಖವಾಯಿತು. ಜ್ವರದಿಂದ ಗುಲ್ಮ ಬೆಳೆದ ಹೊಟ್ಟೆಯ ಬಾಲಕನೂ ಪುಣೆಯ ವಕೀಲರ ಮಗನೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬೇಕಾಗಿದ್ದಿತು. ಪತ್ರಿಕೆಯು ಇಬ್ಬರನ್ನೂ ಸಮಾನರೆಂದು ಎಣಿಸಿತು. ಅದರ ನ್ಯಾಯವೂ ಅದೇ, ಅನ್ಯಾಯವೂ ಅದೇ.

ಮ್ಯಾಟ್ರಿಕ್ ಪಾಸಾದರೂ ಕಷ್ಟವು ಮುಗಿಯುತ್ತಿರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು ಸನ್ 1917ರಲ್ಲಿ. ಅದಕ್ಕೆ ಮುಂಚೆ ಪದವಿಯನ್ನು ಬಯಸಿದವರು ಪುಣೆಯ ಡೆಕ್ಕನ್ ಅಥವಾ ಫರ್ಗ್ಯುಸನ್ ಕಾಲೇಜಿಗೋ ಮುಂಬಯಿಗೋ ಹೋಗಬೇಕಾಗಿದ್ದಿತು.

3. ಬದಿಯ ಬಾಗಿಲುಗಳು

ಪರೀಕ್ಷೆಯೊಂದನ್ನೇ ನೆಚ್ಚುವ ಪದ್ಧತಿಯ ಕುಂದುಗಳು ಸರಕಾರಕ್ಕೂ ತಿಳಿಯದೆ ಇರಲಿಲ್ಲ. ಸನ್ 1882ರಲ್ಲಿ ನೇಮಕವಾದ ಹಂಟರ ಸಾಹೇಬರ ಶಿಕ್ಷಣ ಆಯೋಗವು ಹಾಯಸ್ಕೂಲಿನ ಮೇಲಿನ ತರಗತಿಗಳಲ್ಲಿ ಎರಡು ಕವಲುಗಳಿರಬೇಕೆಂದು ಸೂಚಿಸಿತು: ಒಂದು ವಿಶ್ವವಿದ್ಯಾಲಯದ ಪ್ರವೇಶಕ್ಕೆ, ಇನ್ನೊಂದು ವ್ಯಾಪಾರ ಮೊದಲಾದ ಲೋಕವ್ಯವಹಾರಕ್ಕೆ. ಮುಂಬಯಿ ಇಲಾಖೆಯಲ್ಲಿ ಸ್ಕೂಲ್ ಫಾಯನಲ್ ಎಂಬ ಪರೀಕ್ಷೆಯು ಏರ್ಪಟ್ಟಿತು. ಸರಕಾರಿ ನೌಕರಿಗೆ ಅರ್ಹರನ್ನು ಆರಿಸುವದೇ ಅದರ ಮುಖ್ಯ ಉದ್ದೇಶವಾಗಿದ್ದಿತು. ಆದರೆ ಜನರ ಮನಸ್ಸು ಮ್ಯಾಟ್ರಿಕ್ಕಿನ ಮೇಲೆಯೇ ನೆಟ್ಟಿದ್ದಿತು. ಎರಡನೆಯ ಕವಲನ್ನು ಬಡವನ ಕವಲೆಂದು ಎಣಿಸುವ ದುರಭ್ಯಾಸವು ಅಂದಿನಿಂದಲೇ ಬೇರೂರಿತು.

ಸರಕಾರದ ಹೊರಗೆ ಆದ ಪ್ರಯತ್ನಗಳು ಹೆಚ್ಚು ಧೈರ್ಯದವು. ಸನ್ 1916ರಲ್ಲಿ ಮಹರ್ಷಿ ಕರ್ವೆಯವರು ಪುಣೆಯಲ್ಲಿ ಮಹಿಳಾ ವಿದ್ಯಾಪೀಠವನ್ನು ತೆರೆದು, ಸ್ತ್ರೀಯರು ಮಾತೃಭಾಷೆಯಲ್ಲಿಯೇ ಉನ್ನತ ಶಿಕ್ಷಣವನ್ನು ಪಡೆಯುವ ಏರ್ಪಾಡು ಮಾಡಿದರು. ಸನ್ 1920ರಲ್ಲಿ ಅಸಹಕಾರದ ಕರೆ ಬಂದಾಗ ಅನೇಕ ತರುಣರು ಸರಕಾರಿ ಶಾಲೆಗಳನ್ನು ತ್ಯಜಿಸಿದರು. ಅಂಥವರಿಗಾಗಿ 1920ರಲ್ಲಿ ಗುಜರಾತ ವಿದ್ಯಾಪೀಠ, 1921ರಲ್ಲಿ ಪುಣೆಯ ಟಿಳಕ ಮಹಾರಾಷ್ಟ್ರ ವಿದ್ಯಾಪೀಠ ಹಾಗೂ ಕಾಶೀ ವಿದ್ಯಾಪೀಠಗಳು ಹುಟ್ಟಿದವು. ಮುಂದೆ ಪ್ರಧಾನಮಂತ್ರಿಗಳಾದ ಲಾಲಬಹಾದ್ದೂರರ ‘ಶಾಸ್ತ್ರಿ’ ಎಂಬುದು ಕಾಶೀ ವಿದ್ಯಾಪೀಠದ ಪದವಿಯೇ. ಕನ್ನಡನಾಡಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಕಾವ, ಜಾಣ, ರತ್ನ ಮುಂತಾದ ಪರೀಕ್ಷೆಗಳನ್ನು ಏರ್ಪಡಿಸಿ, ಕಾಲೇಜನ್ನು ಕಾಣದವರಿಗೂ ಕನ್ನಡ ವಿದ್ವತ್ತಿನ ಹಾದಿಯನ್ನು ತೆರೆಯಿತು. ಮಠಗಳ ಸಂಸ್ಕೃತ ಪಾಠಶಾಲೆಗಳೂ ಸನ್ 1909ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರವೂ ಬೇರೊಂದು ಬಗೆಯ ವಿದ್ವಾಂಸರನ್ನು ನಾಡಿಗೆ ಕೊಟ್ಟವು.

ಇವೆಲ್ಲವೂ ಗೌರವಾರ್ಹವಾದ ದಾರಿಗಳು. ಆದರೂ ಸತ್ಯವನ್ನು ಮರೆಮಾಡುವದು ಇತಿಹಾಸಕ್ಕೆ ತಕ್ಕುದಲ್ಲ. ರಾಷ್ಟ್ರೀಯ ವಿದ್ಯಾಪೀಠಗಳ ಪದವಿಗೆ ಅಂದಿನ ಸರಕಾರದ ಮನ್ನಣೆ ಇರಲಿಲ್ಲ. ಕರ್ವೆಯವರ ವಿದ್ಯಾಪೀಠಕ್ಕೆ ಕಾಯಿದೆಯ ಮನ್ನಣೆ ದೊರೆತುದು ಸನ್ 1951ರಲ್ಲಿ, ಅಂದರೆ 35 ವರ್ಷಗಳ ತರುವಾಯ. ದೇಶಭಕ್ತಿಯಿಂದ ಶಾಲೆ ಬಿಟ್ಟ ತರುಣರಲ್ಲಿ ಕೆಲವರು ಮಹಾಪುರುಷರಾದರು. ಉಳಿದವರು ಎರಡೂ ಬಾಗಿಲುಗಳ ನಡುವೆ ನಿಂತುಹೋದರು. ಬದಿಯ ಬಾಗಿಲು ದಯೆಯಿಂದ ತೆರೆದಿರಬಹುದು. ಅದರ ಆಚೆಗೆ ಕೋಣೆಯಿದೆಯೋ ಬರಿಯ ಗೋಡೆಯಿದೆಯೋ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕೆಂಬ ಪಾಠವು ಅಂದೇ ದೊರೆಯಿತು.

4. ಅನ್ನವೇ ಮೊದಲ ಮೆಟ್ಟಲು

ಈ ಕಾಲದಲ್ಲಿ ಸಮಾಜದ ಹಿರಿಯರು ಒಂದು ಮರ್ಮವನ್ನು ಅರಿತುಕೊಂಡರು. ಹಳ್ಳಿಯ ಹುಡುಗನು ಸೋಲುತ್ತಿದ್ದುದು ಬಹುಮಟ್ಟಿಗೆ ಪರೀಕ್ಷೆಯ ಕೋಣೆಯಲ್ಲಿ ಅಲ್ಲ. ಪರೀಕ್ಷೆಯ ವರೆಗೆ ತಲುಪುವ ಹಾದಿಯಲ್ಲಿ. ಪಟ್ಟಣದಲ್ಲಿ ಅವನಿಗೆ ಉಣ್ಣಲು ಅನ್ನವಿಲ್ಲ, ಮಲಗಲು ಮನೆಯಿಲ್ಲ. ಹಾಗಾದರೆ ಪರೀಕ್ಷೆಯನ್ನು ಹಳಿಯುತ್ತ ಕುಳ್ಳಿರುವದಕ್ಕಿಂತ ಅನ್ನವನ್ನೂ ಆಸರೆಯನ್ನೂ ಒದಗಿಸುವದು ಮೇಲು.

ಸನ್ 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವನ್ನು ಕೊಡತೊಡಗಿದರು. ಸನ್ 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನು ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಸನ್ 1916ರ ನವಂಬರ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಣಪ್ರೇಮಿಗಳು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿದರು. ಅದರ ಮೊದಲ ಶಾಲೆಗೆ ಗಿಲಗಂಚಿ-ಅರಟಾಳರ ಹೆಸರು. 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು. ಸನ್ 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜೂ ಅದೇ ಸಂಸ್ಥೆಯಿಂದ ಆರಂಭವಾಯಿತು.

ಮಠಗಳು ಮಾಡಿದ ಕಾರ್ಯವು ಇವೆಲ್ಲಕ್ಕೂ ತಳಪಾಯ. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳವರು ನಡೆಯಿಸಿದ ಉಚಿತ ಪ್ರಸಾದನಿಲಯವು ಸುತ್ತಣ ಜಿಲ್ಲೆಗಳ ಎಷ್ಟೋ ಬಡ ಮಕ್ಕಳಿಗೆ ತೌರುಮನೆಯಾಯಿತು. ತುಮಕೂರಿನ ಸಿದ್ಧಗಂಗೆ, ಗದುಗಿನ ತೋಂಟದಾರ್ಯಮಠ, ಸುತ್ತೂರು ಮಠಗಳ ಕೀರ್ತಿಯನ್ನು ವರ್ಣಿಸುವದೇ ಬೇಡ. ಭಕ್ತರ ಹೊಲದಿಂದ ಬಂದ ಜೋಳ, ಕಣದಿಂದ ಬಂದ ಭತ್ತ, ಮಠದ ಒಲೆಯ ಮೇಲೆ ಬೆಂದು ವಿದ್ಯಾರ್ಥಿಯ ಗಂಗಾಳಕ್ಕೆ ಬಿದ್ದಿತು. ದಾಸೋಹವೆಂಬ ಶರಣತತ್ತ್ವವು ಹೀಗೆ ವಿಶ್ವವಿದ್ಯಾಲಯದ ಮೊದಲ ಮೆಟ್ಟಲಾಯಿತು. ಪರೀಕ್ಷೆಯ ಪತ್ರಿಕೆಗೆ ಕಾಣದ ಮುಖವನ್ನು ಪ್ರಸಾದನಿಲಯದ ಅಡುಗೆಯವರು ಕಂಡರು.

5. ಸ್ವಾತಂತ್ರ್ಯಾನಂತರದ ಕಾಲ

ಸನ್ 1949ರಲ್ಲಿ ಎರಡು ಸಂಗತಿಗಳು ಜೊತೆಯಾಗಿ ನಡೆದವು. ಮುಂಬಯಿ ಪ್ರಾಂತದಲ್ಲಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ಕಿನ ಸ್ಥಾನದಲ್ಲಿ ಎಸ್.ಎಸ್.ಸಿ. ಪರೀಕ್ಷೆಯು ಬಂದಿತು, ಕರ್ನಾಟಕ ವಿಶ್ವವಿದ್ಯಾಲಯವು ಕಾಯಿದೆಯಿಂದ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಪದವಿಯನ್ನು ಗಳಿಸಿದ ಡಿ. ಸಿ. ಪಾವಟೆಯವರು 1954ರಿಂದ 1967ರ ವರೆಗೆ ಅದರ ಉಪಕುಲಪತಿಗಳಾಗಿ ಅದನ್ನು ಬೆಳೆಯಿಸಿದರು. ಹಳಿಯಾಳದವರಿಗೆ ವಿಶ್ವವಿದ್ಯಾಲಯವು ಪುಣೆ-ಮುಂಬಯಿಗಳಿಂದ 20 ಮೈಲಿನಷ್ಟು ಸಮೀಪಕ್ಕೆ ಬಂದಂತಾಯಿತು. ಸನ್ 1953ರಲ್ಲಿ ದಿನಕರ ದೇಸಾಯಿಯವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟು ಜಿಲ್ಲೆಯಲ್ಲಿ ಹಾಯಸ್ಕೂಲುಗಳನ್ನು ತೆರೆಯಿತು. ಸನ್ 1955ರಲ್ಲಿ ಸ್ಥಾಪಿತವಾದ ಕಾಗದದ ಗಿರಣಿಯಿಂದ ದಾಂಡೇಲಿಯು ಪಟ್ಟಣವಾಯಿತು. ಅಲ್ಲಿ ಬಂಗೂರನಗರದ ಕಾಲೇಜು ಹುಟ್ಟಿತು. ಸನ್ 2004ರಲ್ಲಿ ಕರ್ನಾಟಕ ಲಾ ಸೊಸಾಯಿಟಿಯು ಹಳಿಯಾಳದಲ್ಲಿಯೇ ವಿಶ್ವನಾಥರಾವ ದೇಶಪಾಂಡೆಯವರ ಹೆಸರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಸೂಪಾದವರ ಪಾಲಿಗೆ ಮಾತ್ರ ಈ ಕಾಲವು ಬೇರೆ ಕಷ್ಟವನ್ನು ತಂದಿತು. ಕಾಳೀ ನದಿಯ ಆಣೆಕಟ್ಟಿನ ನೀರಿನಲ್ಲಿ ಸೂಪಾ ಊರೇ ಮುಳುಗಿತು. ಮನೆ ಬಿಟ್ಟು ಎದ್ದ ಕುಟುಂಬಗಳ ಮಕ್ಕಳ ಓದು ಹೊಸ ನೆಲದಲ್ಲಿ ಮತ್ತೆ ಬೇರೂರಬೇಕಾಯಿತು.

ಪರೀಕ್ಷೆಯ ಮಹಾದ್ವಾರವು ಮಾತ್ರ ಮೊದಲಿಗಿಂತ ಇಕ್ಕಟ್ಟಾಯಿತು. ಸನ್ 1994ರಿಂದ ವೃತ್ತಿಶಿಕ್ಷಣಕ್ಕೆ ರಾಜ್ಯದಲ್ಲಿ ಸಾಮಾನ್ಯ ಪ್ರವೇಶಪರೀಕ್ಷೆಯು, ಅಂದರೆ ಸಿ.ಇ.ಟಿ.ಯು, ಜಾರಿಗೆ ಬಂದಿತು. 2017ರಿಂದ ವೈದ್ಯಕೀಯಕ್ಕೆ ನೀಟ್ ಎಂಬ ಅಖಿಲಭಾರತ ಪರೀಕ್ಷೆಯೇ ಆಧಾರವಾಯಿತು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೂ ಬೇರೆ ಪ್ರವೇಶಪರೀಕ್ಷೆ ಬಂದಿತು. ಸನ್ 2021ರಲ್ಲಿ ಮಹಾಮಾರಿಯ ನಿಮಿತ್ತವಾಗಿ ಪಿ.ಯು.ಸಿ. ಎರಡನೆಯ ವರ್ಷದ ಪರೀಕ್ಷೆಯೇ ರದ್ದಾದಾಗ ಇಂಜಿನಿಯರಿಂಗ್ ಪ್ರವೇಶವು ಸಿ.ಇ.ಟಿ.ಯ ಅಂಕಗಳೊಂದರ ಮೇಲೆಯೇ ನಿಂತಿತು. ಅದುವರೆಗೆ ಪಿ.ಯು.ಸಿ. ಅಂಕಕ್ಕೆ ಅರ್ಧ, ಸಿ.ಇ.ಟಿ.ಗೆ ಅರ್ಧ ಬೆಲೆಯಿದ್ದಿತು. ಎರಡು ವರ್ಷದ ಶ್ರಮವನ್ನು ಒಂದೆರಡು ದಿನಗಳ ತಕ್ಕಡಿಯಲ್ಲಿ ತೂಗುವ ಪದ್ಧತಿಯ ಭಾರವು ಆ ವರ್ಷ ಎಲ್ಲರ ಅನುಭವಕ್ಕೂ ಬಂದಿತು.

ಇದಕ್ಕೆ ಪ್ರತಿಯಾಗಿ ಬದಿಯ ಬಾಗಿಲುಗಳೂ ಹೆಚ್ಚಿದವು. ಮೊದಲಿನಂತಲ್ಲದೆ ಇವುಗಳಲ್ಲಿ ಹಲವಕ್ಕೆ ಕಾಯಿದೆಯ ಮನ್ನಣೆಯಿದೆ. ಎಸ್.ಎಸ್.ಎಲ್.ಸಿ.ಯ ತರುವಾಯ ಮೂರು ವರ್ಷ ಡಿಪ್ಲೊಮಾ ಓದಿದವನು ಅದಕ್ಕೆಂದೇ ಇರುವ ಪ್ರವೇಶಪರೀಕ್ಷೆಯ ಮೂಲಕ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಲ್ಲನು. ಐ.ಟಿ.ಐ. ಮುಗಿಸಿದವನಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಗಿರಣಿಯ ಕೆಲಸಗಾರನ ಮಗನು ಹೀಗೆ ಮೆಟ್ಟಲು ಮೆಟ್ಟಲಾಗಿ ಪದವೀಧರನಾಗಬಹುದು. ಮುಲ್ಕಿಯ ಗೋಡೆಯು ಇಲ್ಲಿ ಒಡೆದಿದೆ. ಒಂದರಿಂದ ಹತ್ತರ ವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ನೂರಕ್ಕೆ 15ರಷ್ಟು, ಕನ್ನಡದಲ್ಲಿಯೇ ಓದಿದವರಿಗೆ ನೂರಕ್ಕೆ 5ರಷ್ಟು ಮೀಸಲಾತಿಯು ಏರ್ಪಟ್ಟಿತು. ಹಳಿಯಾಳ, ಮುಂಡಗೋಡ, ಜೊಯಿಡಾ ಕಾಡುಗಳಲ್ಲಿ ನೆಲೆಸಿದ ಸಿದ್ದಿ ಜನರು ಸನ್ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುದರಿಂದ ಅವರ ಮಕ್ಕಳಿಗೂ ಬಾಗಿಲು ಅಗಲವಾಯಿತು.

ಇವೆಲ್ಲಕ್ಕಿಂತ ಶರಣರ ಮನಸ್ಸಿಗೆ ಒಪ್ಪುವ ದ್ವಾರವೊಂದಿದೆ. ಕೃಷಿ ವಿಶ್ವವಿದ್ಯಾಲಯಗಳ ಪದವಿಗೆ ರೈತರ ಮಕ್ಕಳಿಗಾಗಿ ಪ್ರತ್ಯೇಕ ಸ್ಥಾನಗಳನ್ನು ಮೀಸಲಿಟ್ಟು, ಅವರಿಗೆ ಪ್ರಾಯೋಗಿಕ ಪರೀಕ್ಷೆಯನ್ನು ನಡೆಯಿಸುವರು. ಅಲ್ಲಿ ವಿದ್ಯಾರ್ಥಿಯು ಬೀಜಗಳನ್ನು, ಗೊಬ್ಬರಗಳನ್ನು, ಒಕ್ಕಲುತನದ ಉಪಕರಣಗಳನ್ನು ಗುರುತಿಸಬೇಕು. ತಂದೆಯೊಡನೆ ಕೂರಿಗೆ ಹಿಡಿದ ಕೈಗೆ ಅಲ್ಲಿ ಬೆಲೆಯುಂಟು. ಕಾಯಕವೇ ಪರೀಕ್ಷೆಯ ವಿಷಯವಾದ ಉದಾಹರಣೆಯಿದು.

ಆದರೆ ಹಳೆಯ ಪಾಠವನ್ನು ಮರೆಯಬಾರದು. ಸನ್ 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ದುಡಿಯುತ್ತಲೇ ಓದುವ ಸಹಸ್ರಾರು ಜನರಿಗೆ ಆಸರೆಯಾಯಿತು. ಆದರೆ ಸನ್ 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2013-14ರಿಂದೀಚೆಗಿನ ಅದರ ಶಿಕ್ಷಣಕ್ರಮಗಳಿಗೆ ಮನ್ನಣೆಯಿಲ್ಲವೆಂದು ಸಾರಿದಾಗ ವಿದ್ಯಾರ್ಥಿಗಳು ತಬ್ಬಿಬ್ಬಾದರು. 2018ರಲ್ಲಿ ಮನ್ನಣೆಯು ಮರಳಿ ದೊರೆಯಿತು. ನಡುವಿನ ವರ್ಷಗಳ ಕಳವಳವನ್ನು ಅನುಭವಿಸಿದವರೇ ಬಲ್ಲರು.

6. ಮುಂಡಗೋಡದ ನೆರೆಹೊರೆ

ವಿದ್ಯೆಯನ್ನು ಅಳೆಯಲು ಲೋಕದಲ್ಲಿ ಒಂದೇ ಅಳತೆಗೋಲಿಲ್ಲವೆಂಬುದಕ್ಕೆ ಸಾಕ್ಷಿಯು ಈ ಸೀಮೆಯಲ್ಲಿಯೇ ಇದೆ. ಸನ್ 1966ರಲ್ಲಿ ಮುಂಡಗೋಡದ ಹತ್ತಿರ ಟಿಬೇಟದ ನಿರಾಶ್ರಿತರು ನೆಲೆಸಿದರು. ಅನಂತರ ಅವರ ಪ್ರಾಚೀನವಾದ ಡ್ರೆಪುಂಗ್, ಗಾಂದೆನ್ ಮಠಗಳು ಇಲ್ಲಿ ಪುನಃಸ್ಥಾಪಿತವಾದವು. ಅಲ್ಲಿಯ ಭಿಕ್ಷುಗಳು ‘ಗೆಶೆ’ ಎಂಬ ಪಾಂಡಿತ್ಯದ ಪದವಿಗಾಗಿ ಹದಿನೈದು-ಇಪ್ಪತ್ತು ವರ್ಷಗಳ ವರೆಗೆ ಅಧ್ಯಯನ ಮಾಡುವರು. ಅಂಗಳದಲ್ಲಿ ಒಬ್ಬನು ಕುಳಿತು ಇನ್ನೊಬ್ಬನು ನಿಂತು, ಕೈತಟ್ಟಿ ಪ್ರಶ್ನೆ ಹಾಕಿ, ತರ್ಕದಿಂದ ವಾದಿಸುವರು. ಆ ವಾದವೇ ಅವರ ಪರೀಕ್ಷೆಯ ಜೀವಾಳ. ಸನ್ 2016ರ ಡಿಸೆಂಬರ ತಿಂಗಳಲ್ಲಿ 20 ಜನ ಭಿಕ್ಷುಣಿಯರಿಗೆ ಇತಿಹಾಸದಲ್ಲಿ ಮೊದಲ ಸಲ ‘ಗೆಶೆಮಾ’ ಪದವಿಯನ್ನು ದಲಾಯಿ ಲಾಮಾ ಅವರು ಮುಂಡಗೋಡದಲ್ಲಿಯೇ ಅನುಗ್ರಹಿಸಿದರು. ಅಕ್ಕಮಹಾದೇವಿಯವರಿಗೆ ಮಂಟಪದಲ್ಲಿ ಸ್ಥಾನ ಕೊಟ್ಟ ಪರಂಪರೆಯವರಿಗೆ ಈ ಸಂಗತಿಯು ಸಂತೋಷವನ್ನು ಕೊಡದೆ ಇರಲಾರದು. ಧರ್ಮ ಬೇರೆ, ಭಾಷೆ ಬೇರೆ; ಆದರೆ ಎದುರೆದುರು ನಿಂತು ಅರಿವನ್ನು ಒರೆಗೆ ಹಚ್ಚುವ ಕ್ರಮವು ಕಲ್ಯಾಣಕ್ಕೆ ಅಪರಿಚಿತವಾದುದಲ್ಲ.

ಉಪಸಂಹಾರ

ಒಂದೂವರೆ ಶತಮಾನದ ಈ ವೃತ್ತಾಂತದಿಂದ ತಿಳಿಯುವ ಅಂಶಗಳು ಮೂರು. ಮೊದಲನೆಯದು: ಪರೀಕ್ಷೆಯ ದ್ವಾರವನ್ನು ತಿರಸ್ಕರಿಸಲಾಗದು. ಕುಲವನ್ನೂ ವಶೀಲಿಯನ್ನೂ ಕೇಳದೆ ಒಳಗೆ ಬಿಡುವ ಗುಣವು ಅದಕ್ಕಿದೆ. ಬಡವರ ಮಕ್ಕಳು ಎಷ್ಟೋ ಜನ ಅದರಿಂದಲೇ ಮೇಲೆ ಬಂದರು. ಎರಡನೆಯದು: ಬದಿಯ ಬಾಗಿಲನ್ನು ಹಿಡಿದವನು ಕೀಳಲ್ಲ. ಡಿಪ್ಲೊಮಾದಿಂದ ಬಂದವನನ್ನೂ ನೌಕರಿ ಮಾಡುತ್ತ ಓದುವವಳನ್ನೂ ಹಗುರವಾಗಿ ಕಾಣುವದು ಹಂಟರ ಆಯೋಗದ ಕಾಲದ ಹಳೆಯ ರೋಗ. ಆದರೆ ಆ ದಾರಿಗೆ ಮನ್ನಣೆಯಿದೆಯೋ, ಅದರಿಂದ ಮುಂದಿನ ಮೆಟ್ಟಲಿಗೆ ಏರಲು ಬರುವದೋ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಮಕ್ಕಳನ್ನು ಕಳುಹಿಸಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಊಟಕ್ಕೂ ವಸತಿಗೂ ಗತಿಯಿಲ್ಲದ ಮಗುವಿಗೆ ‘ಆಯ್ಕೆ’ ಎಂಬ ಮಾತು ಬರಿಯ ಶಬ್ದ. ಹತ್ತಿರ ಇದ್ದುದನ್ನು ಅದು ಹಿಡಿಯುವದು, ಇಲ್ಲವೆ ಓದನ್ನೇ ಬಿಡುವದು. ಎರಡು ದಾರಿಗಳ ನಡುವೆ ನಿಂತು ವಿಚಾರಿಸುವ ಸ್ವಾತಂತ್ರ್ಯವನ್ನು ಆ ಮಗುವಿಗೆ ತಂದುಕೊಡುವದು ಪ್ರಸಾದನಿಲಯದ ಗಂಗಾಳ.

ಜೊಯಿಡಾದ ಒಳಗಣ ಹಳ್ಳಿಗಳಿಂದ ಹಾಯಸ್ಕೂಲು ಇಂದಿಗೂ ದೂರವೇ. ಆದ್ದರಿಂದ ಭಕ್ತರು ಕಣದಿಂದ ಒಂದು ಚೀಲ ಭತ್ತವನ್ನು ಮಠಕ್ಕೆ ಕಳುಹಿಸುವಾಗ ಅದು ಯಾವನೋ ಅರಿಯದ ಬಾಲಕನ ಪ್ರವೇಶಶುಲ್ಕವೆಂದೇ ಭಾವಿಸತಕ್ಕದ್ದು. ಉಳವಿಗೆ ಬಂದ ಶರಣರು ವಚನದ ಕಟ್ಟುಗಳನ್ನು ಕಾಡಿನ ಕತ್ತಲೆಯಲ್ಲಿಯೂ ಕಾಪಾಡಿದರು. ಆ ಕಾಡಿನ ಅಂಚಿನಲ್ಲಿ ಬೆಳೆಯುವ ಮಕ್ಕಳು ಯಾವ ಬಾಗಿಲಿನಿಂದಲಾದರೂ ಆಗಲಿ ವಿದ್ಯಾಮಂದಿರವನ್ನು ಹೊಗುವಂತಾಗಲೆಂದೂ, ಶ್ರೀಮಠದ ದಾಸೋಹವು ಚಿರಕಾಲ ನಡೆಯಲೆಂದೂ ಈ ಮಹೋತ್ಸವದ ಶುಭಸಮಯದಲ್ಲಿ ಸಮಸ್ತ ಶಿಷ್ಯವರ್ಗದ ಪ್ರಾರ್ಥನೆ.

॥ ಶುಭಂ ಭೂಯಾತ್ ॥